ಖಾಲಿ ಗಾಡಿಯ ತೂಕ

ರಾತ್ರಿ ಪಾಳಿ. ಮಂಡ್ಯದ ಸಕ್ಕರೆ ಕಾರ್ಖಾನೆ, ತೂಕದ ಮನೆ.
ಕಿಟಕಿಯಾಚೆ ಲಾರಿಗಳ ಸಾಲು, ಅದರ ಹಿಂದೆ ಗಾಡಿಗಳು,
ನಿಂತಲ್ಲೇ ತೂಕಡಿಸುವ ಎತ್ತಿನ ಕೊರಳಲ್ಲಿ
ಆಗೊಮ್ಮೆ ಈಗೊಮ್ಮೆ ಗಂಟೆ.
ಸಿಪ್ಪೆ ಸುಟ್ಟ ಬೂದಿ ಪರದೆಯ ಮೇಲೂ ಕೂತಿದೆ,
ಅಂಗೈಯಲ್ಲಿ ಒರೆಸಿದರೆ ಎರಡು ಲೆಕ್ಕ:
ಒಂದರಲ್ಲಿ ಕಬ್ಬು,
ಇನ್ನೊಂದರಲ್ಲಿ ಇಲ್ಲದ ಹುಡುಗರ ಓಟ.

ಇಲ್ಲದವರೇ. ಯಂತ್ರ ಹೆತ್ತವರು.
ಹದಿನಾರು ತಂಡ, ಹೆಸರಿಟ್ಟದ್ದು ಮಾತ್ರ ನಾವು:
ಕಿಕ್ಕೇರಿ, ಕೆರಗೋಡು, ಬಸರಾಳು, ಕೊಪ್ಪ…
ಅಮೆರಿಕದ ಆಟ. ಫುಟ್‌ಬಾಲ್ ಅನ್ನುತ್ತಾರೆ,
ಚೆಂಡಿಗೆ ಕಾಲು ತಾಗುವುದೇ ಅಪರೂಪ.
ಬಗಲಲ್ಲಿ ಅವುಚಿಕೊಂಡು ಓಡುವವನು ಒಬ್ಬ,
ದಾರಿ ಬಿಡಿಸುವವರು ಐವರು,
ಕೆಡವಲು ಕಾದವರು ಹನ್ನೊಂದು ಮಂದಿ.

ಈ ವರ್ಷದ ಓಟಗಾರ ಯಾರು?
ತೀರ್ಪುಗಾರರು ಮೂವರು:
ಗುತ್ತಲು ರಸ್ತೆಯ ಜೆರಾಕ್ಸ್ ಅಂಗಡಿಯ ಮುನಾವರ್,
ಮದ್ದೂರಿನಲ್ಲಿ ಲೆಕ್ಕ ಕಲಿಸುವ ಪದ್ಮಿನಿ ಟೀಚರ್,
ಮತ್ತೆ ನಾನು. ಬೆಳಗಿನ ಆರರೊಳಗೆ ಓಟು ಬೀಳಬೇಕು.

ಕಿಕ್ಕೇರಿಯ ಕೆಂಚಪ್ಪ: ಸಾವಿರದ ಆರುನೂರ ಹನ್ನೆರಡು ಗಜ.
ಮುನಾವರ್‌ನ ಓಟು ಅಲ್ಲಿಗೇ.
"ಗಜ ಅಂದ್ರೆ ಗಜ ಕಣೋ, ಅದರಲ್ಲೇನು ತರ್ಕ?"
ಕೆರಗೋಡಿನ ಜವರ: ಗಜ ಕಮ್ಮಿ, ಟಚ್‌ಡೌನ್ ಹತ್ತೊಂಬತ್ತು.
ಟೀಚರ್ ಭಾಗಿಸಿ, ಮತ್ತೆ ಭಾಗಿಸಿ,
ಮೂರನೇ ದಶಮಾಂಶದಲ್ಲಿ ಜವರನನ್ನು ಗೆಲ್ಲಿಸಿದ್ದಾರೆ.

ನನಗೆ ಕಸುಬು ಕಲಿಸಿದ್ದು ಕಳೆಯುವ ಲೆಕ್ಕ ಒಂದೇ.
ತುಂಬಿದ ಲಾರಿ ತೂಗು, ಖಾಲಿ ಲಾರಿ ತೂಗು,
ಕಳೆ. ಉಳಿದದ್ದು ಕಬ್ಬು.
ಸೋಗೆಗೆ, ಬೇರಿನ ಮಣ್ಣಿಗೆ ಇನ್ನಷ್ಟು ಕಳೆ.
ಕೆಂಚಪ್ಪನನ್ನು ತಕ್ಕಡಿಗೆ ಹತ್ತಿಸಿದೆ.
ಅವನ ಮುಂದಿನ ಐವರು ಲೀಗಿನಲ್ಲೇ ಭಾರೀ ಆಳುಗಳು,
ಅವರು ಬಿಡಿಸಿದ ದಾರಿಯಲ್ಲಿ ಸೊಂಟನೋವಿನ ನಮ್ಮತ್ತೆಯೂ
ಸಲಕ್ಕೆ ಮೂರು ಗಜ ಓಡಿಯಾಳು.
ಕಳೆದೆ. ಉಳಿದದ್ದು ನೋಡಿ ಬೇಜಾರಾಯಿತು.
ಜವರನ ಹತ್ತೊಂಬತ್ತರಲ್ಲಿ ಹದಿಮೂರು
ಗೆರೆಯಿಂದ ಒಂದೇ ಹೆಜ್ಜೆ ಹಿಂದೆ ಹುಟ್ಟಿದವು.
ಅಡುಗೆ ಮಾಡಿದವರು ಯಾರೋ, ಬಡಿಸಿ ಹೆಸರಾದವನು ಇವನು.

ಆಮೇಲೆ ಪಟ್ಟಿಯ ತಳದಲ್ಲಿ, ಬಸರಾಳಿನ ಬೆಟ್ಟಯ್ಯ.
ಒಂಬೈನೂರ ನಾಲ್ಕು ಗಜ. ತಂಡ ಗೆದ್ದದ್ದು ಎರಡೇ ಪಂದ್ಯ.
ಸಲಕ್ಕೆ ಮೂರು ಗಜ, ನಮ್ಮತ್ತೆಯಷ್ಟೇ.
ಆದರೆ ಅವನ ಮುಂದಿನ ಐವರು ಬೇಲಿಯ ಒಣ ಗೂಟ;
ಚೆಂಡು ಕೈಗೆ ಬರುವ ಮೊದಲೇ
ಯಾವನೋ ಸೊಂಟ ಹಿಡಿದಿರುತ್ತಾನೆ.
ಮುನ್ನೂರು ಸಲ ಹೊತ್ತ. ಒಂದು ಸಲವೂ
ಕೆಳಗೆ ಬಿಡಲಿಲ್ಲ.
ಪಕ್ಕದಲ್ಲೇ ಯಂತ್ರ ಬರೆದಿದೆ: ವಯಸ್ಸು ಮೂವತ್ತು,
ಬರುವ ವರ್ಷ ವೇಗ ಮೈನಸ್ ಎರಡು.

ಅಷ್ಟರಲ್ಲಿ ಗಾಜಿನ ಮೇಲೆ ಬೆರಳಗಂಟು.
ದುದ್ದದ ಗಾಡಿ. ಹೊಡೆಯುವವನು ಚಿಕ್ಕಮರಿ.
"ಏನಣ್ಣ ಅದು, ಕ್ರಿಕೆಟ್ಟಾ?"
ಅಲ್ಲ ಕಣೋ ಎಂದು ಎಲ್ಲ ಹೇಳಿದೆ.
ಬೀಡಿ ಮುಗಿಯುವ ತನಕ ಕೇಳಿದ.
"ದಾರೀಲಿ ಐಕ್ಳು ಕಬ್ಬು ಕಿತ್ಕತವಲ್ಲಣ್ಣ,
ಹೊಳಲು ಸರ್ಕಲ್ ತಾವ ಒಂದಷ್ಟು, ಇಸ್ಕೂಲ್ ತಾವ ಒಂದಷ್ಟು,
ಅದ ಯಾವತ್ತಾರ ತೂಗಿದ್ದೀಯಾ?"
ಇಲ್ಲ, ಎಂದೆ.
"ಮತ್ತೆ?" ಎಂದ. ಚೀಟಿ ಇಸಿದುಕೊಂಡು ಹೋದ.

ಅದು ಯಾರ ಪರವಾದ ಮಾತೋ, ಈಗಲೂ ತಿಳಿದಿಲ್ಲ.
ಕಿತ್ತುಕೊಂಡವರ ಪಾಲನ್ನೂ ಸೇರಿಸು ಎಂದನೋ,
ನಿನ್ನ ತಕ್ಕಡಿಯೇ ಸುಳ್ಳು ಎಂದನೋ.
ಐದೂ ಮುಕ್ಕಾಲಿಗೆ ಬೆಟ್ಟಯ್ಯ ಎಂದು ಒತ್ತಿದೆ.

ಮೂವರಿಗೂ ಒಂದೊಂದು ಓಟು.
ಸಮವಾದರೆ ಗಜ ಹೆಚ್ಚಿದ್ದವನಿಗೆ, ಹಾಗಂತ ನಿಯಮ
ಬರೆದವನು ನಾನೇ, ಮೂರು ವರ್ಷದ ಕೆಳಗೆ.
ಕೆಂಚಪ್ಪ ಗೆದ್ದ. ಮುನಾವರ್ ಫೋನಿನಲ್ಲಿ ನಕ್ಕ.
ಟೀಚರ್ ಕೇಳಿದ್ದು ಇಷ್ಟೇ: "ಬೆಟ್ಟಯ್ಯ ಯಾರು?"

ಪಾಳಿಯ ಕೊನೆಗೆ ಚಿಕ್ಕಮರಿಯ ಗಾಡಿ
ಕಬ್ಬು ಇಳಿಸಿ ಮರಳಿ ಬಂತು.
ತೂಗಿದೆ, ಖಾಲಿ ಎಂದು ಬರೆದೆ, ಮೊಹರು ಒತ್ತಿದೆ.
ಅದು ಗೇಟು ದಾಟುವಾಗ ಕಂಡೆ,
ಹಲಗೆಯ ಸಂದಿಯಲ್ಲಿ ಸಿಕ್ಕಿಕೊಂಡ
ಒಂದು ಜಲ್ಲೆ,
ಗಾಡಿಯ ಕುಲುಕಿಗೆ ತಲೆ ಆಡಿಸುತ್ತಾ.