ಚಿಲ್ಲರೆ

ಮೊದಲು ನಾಣ್ಯ ಅಂದುಕೊಂಡೆ.
ಐವತ್ತು ವರ್ಷ ದುಡ್ಡಿನ ಚೀಲ ಸಿಕ್ಕಿಸಿದ ಜಾಗ ಅದು,
ರವಿಕೆಯ ಎಡಮಗ್ಗುಲು:
ಒದ್ದೆ ನೋಟು, ಮೀನಿನ ಹುರುಪೆ ಅಂಟಿದ ಚಿಲ್ಲರೆ.
ರಾತ್ರಿ ಚೀಲ ತೆಗೆದು ಗೂಡಿನಲ್ಲಿ ಇಟ್ಟ ಮೇಲೂ
ಒಂದು ರೂಪಾಯಿ ಒಳಗೇ ಉಳಿದ ಹಾಗೆ.
ಹುಡುಕಿದೆ.
ಚರ್ಮದ ಕೆಳಗೆ ಇತ್ತು.

ಯಾರಿಗೂ ಹೇಳಲಿಲ್ಲ. ಅಂಜಲ್ ಸಿಗುವ ಸಮಯ.
ಅರವತ್ತೆಂಟಕ್ಕೆ ಇನ್ನು ಎದೆಯ ಚಿಂತೆ ಯಾಕೆ,
ಅದರ ಕೆಲಸ ನಾಲ್ಕು ಮಕ್ಕಳೊಟ್ಟಿಗೆ ಮುಗಿಯಿತಲ್ಲ
ಎಂದು ನಾನೇ ನನಗೆ ಹೇಳಿಕೊಂಡು
ಕ್ರಿಸ್‌ಮಸ್ ದಾಟಿಸಿದೆ, ಶಿವರಾತ್ರಿ ದಾಟಿಸಿದೆ.

ಮಣಿಪಾಲದಲ್ಲಿ ಡಾಕ್ಟ್ರು ಸಣ್ಣ ಪ್ರಾಯದ ಹುಡುಗಿ.
ಮೂರು ಬೆರಳಿನಲ್ಲಿ ಒತ್ತಿ ನೋಡಿದಳು,
ಗಿರಾಕಿ ಬಂಗುಡೆ ಒತ್ತಿ ನೋಡುವ ಹಾಗೆ.
ಕೈ ಎತ್ತಿಸಿ ಕಂಕುಳು ತಡವಿದಳು,
ಕಿವಿರು ಬಿಡಿಸಿ ಕೆಂಪು ಹುಡುಕುವ ಹಾಗೆ.
ನನಗೆ ಬಾಯಿಗೆ ಬಂದೇಬಿಟ್ಟಿತು:
ತಾಜಾ ಉಂಟು ಮಗಾ, ಇವತ್ತಿನದ್ದೇ.
ಅವಳು ನಗಲಿಲ್ಲ.
ಮಾಲು ಹಿಡಿಸದವರ ಮುಖ
ನನಗೆ ಗೊತ್ತಿಲ್ಲದ್ದಲ್ಲ.

ಮೇ ತಿಂಗಳಲ್ಲಿ ಕೊಯ್ದರು.
ಎಚ್ಚರ ಆದಾಗ ನರ್ಸಿಗೆ ಕೇಳಿದೆ,
ಎಷ್ಟು ತೂಕ ಬಂತು?
ಅವಳಿಗೆ ಗೊತ್ತಿರಲಿಲ್ಲ.
ತೂಗದೆ ಕೊಟ್ಟದ್ದು ಜೀವಮಾನದಲ್ಲಿ ಅದೊಂದೇ.

ಜೂನ್ ಒಂದಕ್ಕೆ ಮಲ್ಪೆಯಲ್ಲಿ ಬೋಟುಗಳನ್ನು ಕಟ್ಟಿದರು,
ನನ್ನನ್ನು ಒಂದು ಕುರ್ಚಿಗೆ.
ಪುನರ್ಪುಳಿ ಶರಬತ್ತಿನ ಬಣ್ಣದ ಮದ್ದು
ನರದೊಳಗೆ ಇಳಿಯುವುದನ್ನು ನೋಡುತ್ತಾ ಕೂತೆ.
ಪಕ್ಕದಲ್ಲಿ ಶಿರ್ವದ ಬೆನೆಡಿಕ್ಟಾ ಬಾಯಿ,
ಮುಷ್ಟಿಯಲ್ಲಿ ಜಪಸರ, ಬಾಯಲ್ಲಿ ಶುಂಠಿ ಪೆಪ್ಪರ್‌ಮಿಂಟು.
ನನಗೂ ಒಂದು ಕೊಟ್ಟರು. ಕಬ್ಬಿಣದ ರುಚಿ.
ಎಲ್ಲದಕ್ಕೂ ಕಬ್ಬಿಣದ ರುಚಿ.

ಕೂದಲು ಹೋದದ್ದಕ್ಕೆ ಬೇಸರ ಮಾಡಲಿಲ್ಲ.
ಸಿಂಬೆ ಇಟ್ಟು ಬುಟ್ಟಿ ಹೊತ್ತ ನೆತ್ತಿ
ಮೊದಲೇ ಅರ್ಧ ಬೋಳು.
ಮೊಮ್ಮಗ ಸವರಿ ನೋಡಿ ಬೊಂಡ ಅಂದ.

ಅತ್ತದ್ದು ಒಂದೇ ದಿನ.
ಸೊಸೆ ಒಲೆಯಲ್ಲಿ ಒಣಮೀನು ಸುಡುತ್ತಿದ್ದಳು.
ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡರೆ
ಬೇಕೆಂದೇ ಹತ್ತಿರ ಹೋಗಿ ನಿಲ್ಲುತ್ತಿದ್ದವಳು ನಾನು,
ಸೆರಗಿನಲ್ಲಿ ಮೂಗು ಮುಚ್ಚಿ ಹಿತ್ತಿಲಿಗೆ ಓಡಿದೆ.
ಆ ವಾಸನೆಯಲ್ಲೇ ಹುಟ್ಟಿದ್ದು.
ಅದೂ ನನ್ನನ್ನು ಬಿಟ್ಟಿತಲ್ಲ ಎಂದು
ಬಾವಿಕಟ್ಟೆ ಹಿಡಿದು ಅತ್ತೆ.

ಆಗಸ್ಟಿನಲ್ಲಿ ಬೋಟುಗಳು ನೀರಿಗೆ ಇಳಿದವು.
ನನ್ನದು ಇನ್ನೂ ನಾಲ್ಕು ಬಾಟ್ಲಿ ಬಾಕಿ,
ಆಮೇಲೆ ಕರೆಂಟು.

ಈಗ ಮತ್ತೆ ಮಾರ್ಕೆಟಿನಲ್ಲಿ ಕೂರುತ್ತೇನೆ.
ಎಡಗೈಗೆ ಮುಳ್ಳು ತಾಗಬಾರದಂತೆ,
ಮೀನು ಹಿಡಿಯುವ ಕೈ ಅದು.
ಕೊಯ್ದು ಕೊಡುವುದು ಪಕ್ಕದ ಕಸ್ತೂರಿ.
ನನ್ನದು ಬಾಯಿ ಮತ್ತು ತಕ್ಕಡಿ.

ಸಿಲಿಕಾನಿನದ್ದು ಸಿಗುತ್ತದೆ, ಏಳು ಸಾವಿರ ಎಂದರು.
ಅಷ್ಟಕ್ಕೆ ಎಷ್ಟು ಕಿಲೊ ಅಂಜಲ್ ಎಂದು ಲೆಕ್ಕ ಹಾಕಿ
ಬೇಡ ಎಂದೆ.
ಚೀಲವನ್ನೇ ಹಳೆಯ ಜಾಗದಲ್ಲಿ ಇಡುತ್ತೇನೆ.
ವ್ಯಾಪಾರ ಆದ ದಿನ ಎಡ ಬಲ ಸರಿಸಮ,
ಆಗದ ದಿನ ಸ್ವಲ್ಪ ವಾಲಿ ನಡೆಯುತ್ತೇನೆ.
ಆದರೆ ಈಗಿನವರು ದುಡ್ಡು ಕೊಡುವುದು ಫೋನಿನಲ್ಲಿ.
ಡಬ್ಬಿ ಕೂಗುತ್ತದೆ, ಎದೆ ತುಂಬುವುದಿಲ್ಲ.
ಚಿಲ್ಲರೆ ಇದ್ದರೆ ಕೊಡಿ ಅಮ್ಮ ಎನ್ನುತ್ತೇನೆ.
ಮುದುಕಿಗೆ ಡಬ್ಬಿಯ ಮೇಲೆ ನಂಬಿಕೆ ಇಲ್ಲ ಎಂದು
ನಗುತ್ತಾ ಪರ್ಸ್ ಬಿಚ್ಚುತ್ತಾರೆ.

ಕೆಲವರು ಬೂತಾಯಿಗೆ ಕ್ರಯ ಕೇಳುವ ನೆಪದಲ್ಲಿ ಬಗ್ಗಿ
ಸ್ವರ ತಗ್ಗಿಸುತ್ತಾರೆ:
ನಿಮಗೆ ಸುರುವಿಗೆ ನೋಯುತ್ತಿತ್ತಾ?
ಇಲ್ಲ ಅಮ್ಮ, ನೋಯದೆ ಇರುವುದೇ ಅದರ ಉಪಾಯ.
ನಾಳೆಯೇ ಹೋಗಿ. ಮೀನು ಫ್ರಿಜ್ಜಿನಲ್ಲಿ ಇಡಬಹುದು.

ಕಸ್ತೂರಿ ಮಾತ್ರ ಏನೂ ಕೇಳುವುದಿಲ್ಲ.
ತಲೆ ತಗ್ಗಿಸಿ ಕೊಯ್ಯುತ್ತಾಳೆ.
ಬೆಳಿಗ್ಗೆಯಿಂದ ಮೂರು ಸಲ
ರವಿಕೆಯೊಳಗೆ ಕೈ ಹಾಕಿ ಚೀಲ ಸರಿಸಿಕೊಂಡಳು.
ಬೋಣಿಯೇ ಆಗಿರಲಿಲ್ಲ.

ಈ ಕೊನೆಯ ಗಿರಾಕಿ ಎದ್ದು ಹೋಗಲಿ.