ಸಾಯಬಣ್ಣನ ಸರದಿ

ಐತವಾರ ರಾತ್ರಿ, ವಾಡಿ ಜಂಕ್ಷನ್,
ರೇಲ್ವೆ ಕ್ವಾರ್ಟರ್ಸಿನ ಮಾಳಿಗಿ.
ಶಹಾಬಾದ ಪರಸಿ ಮ್ಯಾಲ ಸೀಮೆಸುಣ್ಣದ ಚೌಕ,
ಚೌಕದಾಗ ಒಂದು ಕಿಲ್ಲಾ, ಕಿಲ್ಲಾದೊಳಗ ನಾವು:
ಅಂಗಿ ಗುಂಡಿ ಎರಡು, ಒಂದು ಹುಣಸಿ ಬೀಜ,
ರಾಕ್ಷಸನ ಬದಲಿ ಬಾಟ್ಲಿ ಮುಚ್ಚಳ.
ದಾಳ ಒಗಿಯೂದಕ್ಕಿಂತ ಮೊದಲು ಒರಸಬೇಕು,
ಸಿಮೆಂಟಿನ ಧೂಳು ಇಪ್ಪತ್ತೂ ಮುಖಕ್ಕ ಕುಂತಿರ್ತದ.

ಆಟ ನಡಸಾಕಿ ನಾನು.
ಹಗಲೆಲ್ಲ ಪಾರ್ಸಲ್ ಆಫೀಸಿನಾಗ ತೂಕ ಬರೀತೀನಿ,
ರಾತ್ರಿ ಇಲ್ಲಿ ಯಾರ ತೂಕ ಎಷ್ಟಂತ ತಿಳೀವಲ್ದು.

ಜಗದೇವಿ ಕಾಲೇಜಿನಾಗ ಕೆಮಿಸ್ಟ್ರಿ ಹೇಳ್ತಾಳ,
ಇಲ್ಲಿ ಮಂತ್ರವಾದಿ. ನಿಯಮದ ಪುಸ್ತಕ
ನನಗಿಂತ ಚಂದ ಓದ್ಯಾಳ, ಪೆನ್ಸಿಲ್ ಗೆರಿ ಎಳದು.
ಮೊದಮೊದಲು ಪಾಪ, ಇಲಿ ಕಚ್ಚಿದ್ರ ಸಾಯ್ತಿದ್ಳು;
ಸಾಯಬಣ್ಣ ಢಾಲು ಹಿಡದು ಮುಂದ ನಿಂತು
ಏಳು ವಾರ ಕಾಯ್ದಾನ ಆಕಿಗಿ.
ಈಗ ಹತ್ತನೇ ಮೆಟ್ಟಲು ಹತ್ಯಾಳ.
ಒಂದು ಮಾತಂದ್ರ ಸೇತುವಿ ಸುಡ್ತದ,
ಇನ್ನೊಂದಂದ್ರ ಎಲ್ಲಾರೂ ಗೋಡಿ ಮ್ಯಾಲಿಂದ ಹಾರ್ತಾರ,
ಬೀಗ ಕಂಡ್ರ ಬಟ್ಟು ಎತ್ತತಾಳ, ಕಟಕ್.

ಮೈನೋದ್ದೀನ ನಮ್ಮ ಕಳ್ಳ.
ಸ್ಟೇಷನ್ ರೋಡಿನಾಗ ಚಾವಿ ಮಾಡೂ ಅಂಗಡಿ ಅವಂದು.
"ಖರೇ ಬೀಗ ಹಗಲೆಲ್ಲ ತಗೀತೀನಿ,
ಸುಳ್ಳ ಬೀಗರೆ ನನಗ ಬಿಡ್ರಿ ಮ್ಯಾಡಮ್" ಅಂತ ನಗ್ತಾನ.
ಮೂರು ವಾರದಿಂದ ಅವಂಗ
ಶೇಂಗಾ ಸುಲಿಯೂದೊಂದೇ ಕೆಲಸ.

ಸಾಯಬಣ್ಣ ನಗಂಗಿಲ್ಲ.
ಅಂವ ಗ್ಯಾಂಗಮನ್. ಸುತಗಿ ಹೆಗಲಿಗಿಟಗೊಂಡು
ಹಳಿ ಗುಂಟ ದಿನಾ ನಡಿಯಾಂವ.
ಸರದಿ ಬಂದಾಗ ದಾಳ ಒರಸಿ,
"ಹೊಡಿತೀನ್ರಿ" ಅಂತಾನ.
ಯಾರಿಗಿ? ಹೊಡಿಲಾಕ ಯಾರೂ ಉಳದಿಲ್ಲ.
"ಹಂಗಾದ್ರ ನಿಂದರ್ತೀನ್ರಿ."

ಒಂದು ವಾರ ನಾ ಕಪಟ ಮಾಡ್ದೆ.
ಮಂತ್ರ ನಡೀದಂಥ ಗವಿ ಕಟ್ಟಿದೆ.
ಜಗದೇವಿ ಪೆನ್ಸಿಲ್ ಕೆಳಗಿಟ್ಳು:
"ಕಲೀ ಅಂತ ಹೇಳಾಕಿನೂ ನೀನೇ,
ಕಲ್ತದ್ದು ನಡಿಯಂಗಿಲ್ಲ ಅನ್ನಾಕಿನೂ ನೀನೇ.
ಈ ಮಾತು ನಮ್ಮ ಮನ್ಯಾಗ ಭಾಳ ಕೇಳೀನಿ."
ಅವತ್ತು ಚಾ ಆರಿ ಹೋಯ್ತು. ಯಾರೂ ಕುಡೀಲಿಲ್ಲ.

ಮುಂದಿನ ವಾರ ಸಾಯಬಣ್ಣನ ಕತ್ತಿಗಿ
ಬೆಂಕಿ ಹಚ್ಚಿ ಕೊಟ್ಟೆ, ದೇವಲೋಕದ್ದು.
ತಿರುವಿ ತಿರುವಿ ನೋಡಿ ಅಂದ:
"ಚಂದದ. ಆದ್ರ ಇದು ಕತ್ತೀದು ತಾಕತ್ತ್ರಿ, ನಂದಲ್ಲ."

ಮತ್ತ ನಿನ್ನಿ.
ಎಂಟನೇ ಗೋಡಿ. ಕಿಲ್ಲಾದಾಗ ಹೊತ್ತು ಮುಳುಗೇದ.
ಏಳು ಬಾಗಿಲಿಗಿ ಏಳು ಮಂತ್ರ ಸುರದು
ಜಗದೇವಿ ಪಟ್ಟಿ ನೋಡಿಕೊಂಡ್ಳು: ಎಲ್ಲಾದಕ್ಕೂ ಕಾಟು.
ಉಳದದ್ದು ಒಂದೇ, ಮೊದಲ ದಿನ ಕಲ್ತದ್ದು,
ಬಟ್ಟಿನ ತುದೀಗಿ ದೀಪ ಹಚ್ಚೂದು.
"ಮಲಗಿ ಏಳಬೇಕು," ಅಂದ್ಳು. ಮಲಗಿದ್ರ ಒಳಗಿನ ಖೈದಿ
ಬೆಳತನಕ ಉಳಿಯಂಗಿಲ್ಲ.

ಸಾಯಬಣ್ಣ ದಾಳ ಮುಟ್ಟಲಿಲ್ಲ.
"ನನ್ನ ಮನಷ್ಯಾ ಗೋಡಿ ಗುಂಟ ನಡೀತಾನ್ರಿ,
ಕತ್ತಿ ಹಿಡಿಕಿಲೇ ಬಡಕೋತ.
ಗಟ್ಟಿ ಇದ್ದಲ್ಲಿ ಕಲ್ಲು ಟಣ್ ಅಂತದ,
ಪೊಳ್ಳಿದ್ದಲ್ಲಿ ಬಾಯಾಗ ತುತ್ತು ಇಟಗೊಂಡು ಮಾತಾಡಿದಂಗ.
ಹಳಿನೂ ಹಿಂಗೇ ಹೇಳ್ತದ, ಎಲ್ಲಿ ಬಿರುಕು ಅಂತ."

ಪುಸ್ತಕದಾಗ ಇದಕ್ಕ ನಿಯಮ ಇಲ್ಲ.
ಜಗದೇವಿನೂ ಹುಡುಕಿದ್ಳು. ಇಲ್ಲ.
ಅಂವ ಪರಸಿ ಮ್ಯಾಲ ಖರೇನೇ ಬಡೀಲಾಕ ಸುರು ಮಾಡ್ದ,
ಬೆರಳ ಗಣಿಕಿಲೇ, ಕಿವಿ ಕಲ್ಲಿಗಿ ಹಚ್ಚಿ.
ಕಲಬುರಗಿ ಕಡೀಂದ ಮಾಲಗಾಡಿ ಬಂತು;
ದಾಟೂತನಕ ಕಾದ.
ನಾವೂ ಕಾದೆವು. ಐವತ್ತೆಂಟು ಡಬ್ಬಿ.

ಜಗದೇವಿ ಸಣ್ಣ ದನೀಲೇ ಕೇಳಿದ್ಳು:
"ನಿನಗೇನು ಬೇಕು?"
"ಬೆಳಕು ಹಿಡೀರಿ," ಅಂದ, "ಬರೇ ಬೆಳಕು.
ಅಲುಗ್ಯಾಡಸಬ್ಯಾಡ್ರಿ."
ಆಕಿ ಮೊಬೈಲಿನ ಬ್ಯಾಟರಿ ಹಚ್ಚಿ
ಎರಡೂ ಕೈಲೇ ಹಿಡದ್ಳು. ಮೈನೋದ್ದೀನ ಶೇಂಗಾ ಬಿಟ್ಟು
ಕಿಸೆದಾಗಿನ ಖರೇ ಚಾವಿ ಗೊಂಚಲು ತಗದ.

ಟಣ್. ಟಣ್. ಟಣ್.
ಆಮ್ಯಾಲ, ತುತ್ತು ಇಟಗೊಂಡ ಬಾಯಿ.

ಎಲ್ಲಾರೂ ನನ್ನ ಮಾರಿ ನೋಡಿದ್ರು.
ಆ ಗೋಡಿ ಹಿಂದ ಏನದ ಅಂತ
ನಾ ಇನ್ನೂ ಬರದೇ ಇಲ್ಲ.
"ಮುಂದಿನ ಐತವಾರ," ಅಂದೆ.
ಹುಣಸಿ ಬೀಜ ಅಲ್ಲೇ ಗೋಡಿಗಿ ಹಚ್ಚಿ ಬಿಟ್ಟು ಬಂದೀವಿ.
ಅದರ ಮ್ಯಾಲ ರಾತ್ರಿಯೆಲ್ಲ ಸಿಮೆಂಟ್ ಬಿದ್ದಿರ್ತದ.