ಮೂರು ಡಿಗ್ರಿಯ ಬೆಣೆ

ಎಪ್ಪತ್ತೆಂಟರ ಶೆವ್ರೊಲೆ ಪಿಕಪ್ಪು, ಗಿಡ್ಡ ತೊಟ್ಟಿಯದು.
ಒಣಮೆಣಸಿನ ಕೆಂಪು ಬಿಸಿಲು ಕುಡಿದು ಇಟ್ಟಿಗೆಯಾಗಿದೆ.
ನಸಾರಿಯೊ ಮುದುಕ ನನ್ನ ಶೆಡ್ಡಿನ ಮುಂದೆ ನಿಲ್ಲಿಸಿ
ಟೋಪಿ ತೆಗೆದ: 'ಇಳಿಸಬೇಕು ಮಿಹಾ, ಆರು ಇಂಚು.'

ನಕ್ಕುಬಿಟ್ಟೆ. ಈ ಎಸ್ಪಾನ್ಯೋಲಾದಲ್ಲಿ
ಗಾಡಿ ಇಳಿಸದವರು ಯಾರು?
ಭಾನುವಾರ ಸಂಜೆಯಾದರೆ ನೆಲ ನೆಕ್ಕುತ್ತ
ಹುಡುಗರ ಸಾಲು, ಹೆಣ ಹೊತ್ತವರ ನಡಿಗೆಯಲ್ಲಿ.
'ಈ ವಯಸ್ಸಲ್ಲಿ ಶೋಕಿಯೇ?'

'ಎವುಲಾಲಿಯಾಗೆ ಹತ್ತೋಕಾಗಲ್ಲ.
ಸೊಂಟದ ಕೀಲು ಬದಲಾಯಿಸಿದಾರೆ, ಸಾಂತಾ ಫೆಯಲ್ಲಿ.
ಸ್ಟೂಲು ಇಟ್ಟೆ.
ಸ್ಟೂಲಿಗೆ ಒದ್ದಳು.'

ಚಾಸಿಸ್ಸಿನಲ್ಲಿ ಅರ್ಧಚಂದ್ರ ಕೊಯ್ದೆ,
ಆಕ್ಸಲ್ಲು ಹಾರಿಬಿದ್ದರೆ ತಲೆ ತಾಗದ ಹಾಗೆ.
ಪಟ್ಟಿ ಸ್ಪ್ರಿಂಗಿನ ಅಡಿಯಾಳಾಗಿದ್ದದ್ದು
ಈಗ ಅದರ ಹೆಗಲ ಮೇಲೆ.
ಹೊಸ ಪೀಠ ಬೆಸೆದೆ. ಕಣ್ಣಲ್ಲಿ ನೀಲಿ ಉಳಿಯಿತು.
ಗಾಡಿ ಕೂತಿತು, ಕಾಲು ಮಡಿಸಿದ ಎತ್ತಿನಂತೆ.

ಚಿಮಾಯೋ ರಸ್ತೆಯಲ್ಲಿ ನಲವತ್ತರವರೆಗೆ ಬೆಣ್ಣೆ.
ಐವತ್ತೈದಕ್ಕೆ ನಡುಕ ಬಂತು,
ಮೊದಲು ಪಾದಕ್ಕೆ, ಆಮೇಲೆ ಸೀಟಿಗೆ, ಆಮೇಲೆ
ಕನ್ನಡಿಯೊಳಗಿನ ಬೆಟ್ಟ ಎರಡಾಯಿತು.
ಎವುಲಾಲಿಯಾ ಕಿಟಕಿಯಾಚೆ ನೋಡುತ್ತಲೇ ಅಂದಳು:
'ಇದರ ಕೀಲು ನೋಯ್ತಿದೆ. ನನ್ನ ಕೀಲಿಗೆ ಗೊತ್ತಾಗುತ್ತೆ.'

ರಾತ್ರಿ ಗಾಡಿಯ ಹೊಟ್ಟೆಯಡಿ ಅಂಗಾತ,
ಎದೆಯ ಮೇಲೆ ಕೋನಮಾಪಕ.
ಗೇರ್‌ಬಾಕ್ಸಿನ ಬಾಲ ಮೂರು ಡಿಗ್ರಿ ಕೆಳಕ್ಕೆ.
ಡಿಫರೆನ್ಷಿಯಲ್ಲಿನ ಮೂಗು ಐದು ಡಿಗ್ರಿ ಮೇಲಕ್ಕೆ.
ಉಳಿದ ಎರಡು ಡಿಗ್ರಿ ಯಾರ ಲೆಕ್ಕಕ್ಕೂ ಇಲ್ಲ.
ನಡುಕ ಅಲ್ಲೇ ಗೂಡು ಕಟ್ಟಿದೆ.

ತಪ್ಪು ನನ್ನದು.
ಗಾಡಿ ಸ್ಟ್ಯಾಂಡಿನ ಮೇಲೆ, ಚಕ್ರ ಗಾಳಿಯಲ್ಲಿ ಜೋತಾಡುವಾಗ,
ಭಾರವೇ ಕಾಣದ ಸ್ಪ್ರಿಂಗನ್ನು ನಂಬಿ ಅಳೆದಿದ್ದೆ.
ಹೊರೆ ಇಲ್ಲದವನ ನಿಲುವನ್ನು ನಿಲುವೆಂದುಕೊಂಡೆ.

ಫೆರ್ಮಿನ್ ಬದುಕಿದ್ದರೆ ಸ್ಪ್ಯಾನರು ಎಸೆಯುತ್ತಿದ್ದ.
ಎರಡು ತುದಿ ಒಂದೇ ಗೆರೆಯಲ್ಲಿ ಬೇಡ, ಅನ್ನುತ್ತಿದ್ದ,
ಒಂದು ಮೇಲಿರಲಿ ಒಂದು ಕೆಳಗಿರಲಿ,
ಸಮಾಂತರ ಇದ್ದರೆ ಸಾಕು.
ಮುಂದಿನ ಕೀಲು ಸುತ್ತಿಗೆರಡು ಸಲ ತಡವರಿಸುತ್ತೆ,
ಹಿಂದಿನದು ಅದೇ ಗಳಿಗೆಯಲ್ಲಿ ಅದನ್ನು ತುಂಬಿಕೊಡುತ್ತೆ,
ಹೊರಗೆ ಯಾರಿಗೂ ಗೊತ್ತಾಗಲ್ಲ.
ಹಾಗಂತ ಪೂರಾ ನೆಟ್ಟಗೆ ಮಾಡೀಯೆ, ಹುಷಾರು!
ಒಳಗಿನ ಸೂಜಿಗಳು ಹೊರಳದೆ
ಕೂತಲ್ಲೇ ಕೂತು ಗುಳಿ ತೋಡುತ್ತವೆ.
ಒಂಚೂರು ಬಾಗಲಿ.

ಉಕ್ಕಿನ ಬೆಣೆ ತಂದೆ, ಮೂರು ಡಿಗ್ರಿಯದು.
ಎರಡು ನನ್ನ ತಪ್ಪಿಗೆ.
ಒಂದು, ಎಕ್ಸಲರೇಟರ್ ತುಳಿದಾಗ
ಮೂಗೆತ್ತುವ ಅದರ ಸೊಕ್ಕಿಗೆ.

ಈ ಸಲ ಗಾಡಿ ನಾಲ್ಕೂ ಕಾಲ ಮೇಲೆ.
ತೊಟ್ಟಿಯಲ್ಲಿ ಹಸಿಮೆಣಸಿನಕಾಯಿ, ಐದು ಮೂಟೆ.
ಮುದುಕ ಮುದುಕಿ ಸೀಟಿನಲ್ಲಿ, ತೂಕಕ್ಕೆ.
ನಾನು ಕೆಳಗೆ. ಮೇಲೆ ಜಗಳ:
ಯಾವುದೋ ಕಾಲದ ಯಾರದೋ ಮದುವೆಗೆ
ತಡ ಮಾಡಿದ್ದು ಯಾರು ಅಂತ.
ಅವಳು ಇವನ ಕಡೆ ತಿರುಗಿದಾಗೆಲ್ಲ ಸ್ಪ್ರಿಂಗು ಕಿರುಗುಟ್ಟಿ
ಮಾಪಕದ ಮುಳ್ಳು ಕೂದಲೆಳೆ ಅಲುಗಿತು.
'ಸುಮ್ಮನೆ ಕೂರಿ!' ಅಂದೆ.
ಕೂತರು. ಮೂಗು: ಎರಡು.

ಅರವತ್ತರಲ್ಲಿ ಬೆಟ್ಟ ಒಂದೇ ಇತ್ತು.
ಡ್ಯಾಶಿನ ಮೇಲಿಟ್ಟ ಕಾಫಿಯಲ್ಲಿ
ಅವಳ ಕಿವಿಯೋಲೆ ಕದಡದೆ ನಿಂತಿತ್ತು.

ಶೆಡ್ಡಿಗೆ ಬಂದಮೇಲೆ ಬಾಗಿಲು ತೆರೆದು
ಎವುಲಾಲಿಯಾ ಏಳಲಿಲ್ಲ.
'ಹತ್ತೋದು ಸಲೀಸು ಮಾಡಿಕೊಟ್ಟಿರಿ, ಸರಿ.
ಇದರಿಂದ ಏಳೋದು ಹೇಗೆ, ಬಾವಿಯಿಂದ ಎದ್ದ ಹಾಗೆ?'
ನಸಾರಿಯೊ ನನ್ನ ಮುಖ ನೋಡಿದ.
ನಾನು ಬೆಣೆ ನೋಡಿದೆ.
ಆಮೇಲೆ ಅವನು ಎರಡು ಕೈ ಕೊಟ್ಟು ಹಿಂದಕ್ಕೆ ವಾಲಿದ,
ಬೈಯುತ್ತಲೇ ಅವಳು ಮೇಲೆ ಬಂದಳು.

ಬೆಣೆಗೆ ದುಡ್ಡು ಹಾಕಲಿಲ್ಲ. ಒಂದು ಮೂಟೆ ಬಿಟ್ಟುಹೋದರು.
ಸಂಜೆ ಹುರಿಯಲು ಕೂತೆ,
ಇಡೀ ಬೀದಿ ಕೆಮ್ಮಿತು.